ಗರಗಸ ಸೊಟ್ಟ ಕೊಯ್ದ ಕಾರ್ತಿಕ ಮಾಸ

ಆಗ ನನಗೆ ಐವತ್ತಾರು. ಅದಾಗಿ ಈಗ ಹದಿಮೂರು ವರ್ಷವಾಯಿತು. ಮೊನ್ನೆ ಪಕ್ಕದ ಮನೆಗೆ ಅಟ್ಟದ ಹಲಗೆ ಹಾಕಲು ಬಡಗಿ ಬಂದಿದ್ದ. ಕೈಯಲ್ಲಿ ಹಿಡಿಯುವ ಕರೆಂಟ್ ಗರಗಸಕ್ಕೆ ಮೊಂಡು ಬ್ಲೇಡು ಹಾಕಿಕೊಂಡು ಮಾವಿನ ಹಲಗೆಯನ್ನು ಒತ್ತಿ ಒತ್ತಿ ಕೊಯ್ಯುತ್ತಿದ್ದ. ಸೀದ ಮರದ ವಾಸನೆ ಗೋಡೆ ದಾಟಿ ನಮ್ಮ ಅಡಿಗೆಮನೆಗೆ ಬಂತು. ಬೇರೆ ಹೆಂಗಸಾಗಿದ್ದರೆ ಒಲೆ ಮೇಲಿನ ಪಾತ್ರೆ ನೋಡಲು ಓಡುತ್ತಿದ್ದಳು. ನನಗೆ ಸಿಟ್ಟು ಬಂತು. ಆ ವಾಸನೆ ಮೂಗಿಗೆ ಬಿದ್ದರೆ ಇವತ್ತಿಗೂ ನನಗೆ ಮೊದಲು ಬರುವುದು ಸಿಟ್ಟೇ.

ನಮ್ಮದು ಸಾ ಮಿಲ್ಲು. ನರಸೀಪುರದಿಂದ ನಂಜನಗೂಡಿಗೆ ಹೋಗುವ ರಸ್ತೆಯಲ್ಲಿ ಊರು ದಾಟಿದ ಮೇಲೆ ಎಡಗಡೆಗೆ ಸಿಗುತ್ತದೆ. ತಗಡಿನ ಶೆಡ್ಡು, ಮುಂದೆ ದಿಮ್ಮಿಗಳ ರಾಶಿ. ಈಗ ಅಲ್ಲಿ ಪಟ್ಟಿಯಂತೆ ಓಡುವ ಹೊಸ ಗರಗಸವಿದೆ. ಆಗ ಇದ್ದದ್ದು ದುಂಡು ಗರಗಸ, ನಮ್ಮ ಮಾವನವರ ಕಾಲದ್ದು. ಗಾಡಿ ಚಕ್ರದಷ್ಟು ಅಗಲದ ಬ್ಲೇಡು ನಿಂತ ಜಾಗದಲ್ಲೇ ತಿರುಗುತ್ತದೆ. ದಿಮ್ಮಿಯನ್ನು ಟ್ರಾಲಿಯ ಮೇಲೆ ಕಚ್ಚಿಸಿ, ಕಂಬಿಯ ಮೇಲೆ ತಳ್ಳಿಕೊಂಡು ಹೋಗಿ ಅದರ ಬಾಯಿಗೆ ಕೊಡಬೇಕು. ಮದುವೆಯಾಗಿ ಬಂದ ವರ್ಷದಿಂದ ನಾನು ಆ ಶೆಡ್ಡಿನಲ್ಲಿ ಸಿಪ್ಪೆ ಹಲಗೆ ಹೊತ್ತಿದ್ದೇನೆ, ಹೊಟ್ಟು ಬಾಚಿದ್ದೇನೆ. ಓದಿದ್ದು ಮೂರನೇ ಕ್ಲಾಸು. ಟೇಪಿನ ಮೇಲಿನ ಅಂಕಿ ನೋಡಲು ಅಷ್ಟು ಸಾಕು.

ಆ ವರ್ಷ ಪಿತೃಪಕ್ಷದಲ್ಲಿ ನಮ್ಮ ಯಜಮಾನರು ದಿಮ್ಮಿ ರಾಶಿಯ ಮೇಲಿಂದ ಜಾರಿ ಬಿದ್ದು ಎಡಗಾಲು ಮುರಿದುಕೊಂಡರು. ತೊಡೆಯವರೆಗೂ ಪ್ಲಾಸ್ಟರ್. ನಡುಮನೆಯ ಮಂಚದ ಮೇಲೆ ಮಲಗಿಸಿದೆವು. ಕಾಲು ಸುಮ್ಮನಾದದ್ದಕ್ಕೆ ಬಾಯಿ ಜೋರಾಯಿತು. ಮಿಲ್ಲು ನೋಡಿಕೊಳ್ಳಲು ನಾನು ಹೋದೆ. ಬೇರೆ ಯಾರಿದ್ದರು? ನನ್ನ ಮೈದುನ ಮಾದಪ್ಪ ಇದ್ದ. ಅಮಾವಾಸ್ಯೆ ತಪ್ಪದೆ ಬೆಟ್ಟಕ್ಕೆ ಹೋಗಿ ಬರುವವನು, ಹಣೆಯ ಮೇಲಿನ ವಿಭೂತಿ ಬೆವರಿಗೂ ಅಳಿಸದ ಹಾಗೆ ಇಡುವವನು. ಕೆಟ್ಟವನಲ್ಲ. ಆದರೆ ಅವನಿಗೆ ಮಿಲ್ಲಿನ ಮೇಲೆ ಮನಸ್ಸಿರಲಿಲ್ಲ, ಮಿಲ್ಲಿನ ಜಾಗದ ಮೇಲಿತ್ತು. ರಸ್ತೆ ಪಕ್ಕದಲ್ಲಿದೆ, ಅಲ್ಲೊಂದು ಕಲ್ಯಾಣ ಮಂಟಪ ಕಟ್ಟಬೇಕು ಅಂತ ಅವನಿಗೆ ಆಸೆ.

ಆಯುಧ ಪೂಜೆಗೆ ಯಜಮಾನರು ಏಳುವ ಹಾಗಿರಲಿಲ್ಲ. ಮಾದಪ್ಪನೇ ಮುಂದೆ ನಿಂತು ಮಾಡಿದ. ಬ್ಲೇಡು ಬಿಚ್ಚಿಸಿ ಹುಣಿಸೆಹಣ್ಣು ಹಾಕಿ ಉಜ್ಜಿಸಿದ. ಬ್ಲೇಡಿಗೆ, ಮೋಟರಿಗೆ, ಟ್ರಾಲಿಗೆ, ಬೋಲ್ಟು ನಟ್ಟಿಗೂ ಬಿಡದೆ ಮೂರು ಬೆರಳಿನಲ್ಲಿ ವಿಭೂತಿ ಎಳೆದ, ನಡುವೆ ಕುಂಕುಮ ಇಟ್ಟ. ಬೂದುಗುಂಬಳ ಒಡೆಸಿದ. ಚೆನ್ನಾಗಿಯೇ ಮಾಡಿದ, ಅದರಲ್ಲಿ ಮಾತಿಲ್ಲ. ವಿಜಯದಶಮಿ ಕಳೆದು ಬ್ಲೇಡು ಏರಿಸಿ ಮೋಟರ್ ಹಾಕಿದೆವು. ಅವತ್ತಿನಿಂದ ಶುರುವಾಯಿತು.

ತಾಂಡ್ಯದ ಒಂದು ಫ್ಯಾಕ್ಟರಿಗೆ ನಾವು ಹಲಗೆ ಕೊಡುತ್ತಿದ್ದೆವು. ಅವರ ಮಿಷನ್ನುಗಳನ್ನು ಕಳಿಸುವ ಪೆಟ್ಟಿಗೆಗೆ ಇಂಚು ದಪ್ಪದ ಮಾವಿನ ಹಲಗೆ. ಎಲ್ಲವೂ ಒಂದೇ ಸಮ ಇರಬೇಕು. ಇಂಚಿನ ಎಂಟನೇ ಪಾಲಿಗೆ ನಮ್ಮಲ್ಲಿ ನೂಲು ಅನ್ನುತ್ತಾರೆ. ಅವರು ಒಂದು ನೂಲು ಹೆಚ್ಚುಕಡಿಮೆ ಆದರೂ ಒಪ್ಪುವವರಲ್ಲ. ನಾವು ಕಳಿಸಿದ ಲಾರಿ ಮಧ್ಯಾಹ್ನಕ್ಕೆ ಹೋದದ್ದು ಸಂಜೆಗೆ ಹಾಗೇ ತುಂಬಿಕೊಂಡು ವಾಪಸ್ ಬಂತು. ನಾನು ಅಲ್ಲಿಗೆ ಫೋನು ಮಾಡಿದೆ.

"ಏನಮ್ಮ, ಅಲ್ಗೆ ಕಳ್ಸಿದ್ದೀರೋ ಅಪ್ಳ ಕಳ್ಸಿದ್ದೀರೋ?" ಅಂದ ಸ್ಟೋರಿನವನು. "ಒಂದ್ ತುದೀಲಿ ದಪ್ಪ, ಇನ್ನೊಂದ್ ತುದೀಲಿ ತೆಳ್ಳಗೆ, ನಡೂಮಧ್ಯ ಆವು ಓದಂಗೆ ಓಗದೆ. ಇನ್ನೊಂದ್ ಲೋಡು ಇಂಗೇ ಬಂದ್ರೆ ನಾವು ಮೈಸೂರಲ್ಲಿ ತಗೋತೀವಿ. ನೀವು ಬೇಜಾರ್ ಮಾಡ್ಕಬ್ಯಾಡಿ."

ಮಾದಪ್ಪ ಅವತ್ತೇ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತ. "ಅಣ್ಣ, ಇನ್ನೊಂದ್ ಲೋಡು ವಾಪಸ್ ಬಂದ್ರೆ ಮುಚ್ಚುಬುಡಮ. ಅಳೇ ಮಿಷನ್ನು. ಗುಜರಿಗೆ ಆಕಿ ಜಾಗ ಖಾಲಿ ಮಾಡಮ. ಅತ್ಗೆಗೂ ಈ ವಯಸ್ನಲ್ಲಿ ಯಾಕೆ ಬೇಕು?"

ಯಜಮಾನರು ಸೂರಿನ ಕಡೆ ನೋಡಿ, "ಆಯ್ತು. ಇನ್ನೊಂದ್ ಲೋಡ್ ನೋಡಮ. ವಾಪಸ್ ಬಂದ್ರೆ ನಿನ್ ಮಾತೇ" ಅಂದರು.

ನನ್ನನ್ನು ಯಾರೂ ಕೇಳಲಿಲ್ಲ. ನಾನು ಅಲ್ಲೇ ಅವರೆಕಾಯಿ ಸುಲಿಯುತ್ತಿದ್ದೆ. ಮಿಲ್ಲು ಮುಚ್ಚಿದರೆ ನಮ್ಮ ಗರಗಸದ ಮೇಸ್ತ್ರಿ ನಂಜುಂಡ ಮತ್ತೆ ಅವನ ಜೊತೆಯವರು ತಾಂಡ್ಯದ ಫ್ಯಾಕ್ಟರಿ ಗೇಟುಗಳ ಮುಂದೆ ಕೆಲಸಕ್ಕೆ ನಿಲ್ಲಬೇಕಿತ್ತು. ನಾನು ಇಡೀ ದಿನ ಮನೆಯಲ್ಲಿ ಆ ಮಂಚದ ಎದುರು ಕೂರಬೇಕಿತ್ತು. ಸತ್ಯ ಹೇಳುತ್ತೇನೆ, ನನಗೆ ಹೆಚ್ಚು ಹೆದರಿಕೆ ಆದದ್ದು ಎರಡನೆಯದಕ್ಕೇ.

ಏನು ಕೆಟ್ಟಿದೆ ಅಂತ ನಂಜುಂಡನನ್ನು ಕೇಳಿದೆ. ಅವನು ಹಲ್ಲು ಅಂದ. "ಒಂದ್ ಕಡೆ ಅಲ್ಲು ಚೂಪು, ಇನ್ನೊಂದ್ ಕಡೆ ಮೊಂಡು ಕಣಕ್ಕ. ಚೂಪಿರೋ ಕಡೀಕೆ ಎಳೀತದೆ." ಸರಿ, ಅರ ತೆಗೆದುಕೊಂಡು ಒಂದೊಂದೇ ಹಲ್ಲು ಉಜ್ಜಿದ. ಕೊಯ್ದೆವು. ಹಲಗೆಯ ನಡುವೆ ಹಾವು ಹರಿದಂಥ ಬಳುಕು ಹಾಗೇ ಇತ್ತು. ಬ್ಲೇಡಿನ ನಡುಭಾಗ ಮುಟ್ಟಿದರೆ ಹೆಂಚಿನಂತೆ ಕಾದಿತ್ತು. ಸೀದ ವಾಸನೆ ಶೆಡ್ಡಿನ ತುಂಬ.

ಮಂಚದ ಮೇಲಿಂದ ಯಜಮಾನರು ಕಂಬಿ ಅಂದರು. ಚಿತ್ತೆ ಮಳೆ ಬಿಡದೆ ಹೊಯ್ದಿತ್ತು, ಕಂಬಿಯ ಕೆಳಗಿನ ದಿಂಡು ಒಂದು ಕಡೆ ಕುಸಿದಿರುತ್ತದೆ ಅಂತ. "ನೀರ್ ಪೈಪ್ ಮಡಗಿ ಮಟ್ಟ ನೋಡು. ನನ್ನ ಎತ್ಕೊಂಡೋಗು ಅಂದ್ರೆ ನೀನ್ ಎತ್ಕೊಂಡೋಗಲ್ಲ, ಏಳಿದ್ನಾದ್ರೂ ಮಾಡು!" ಗಾರೆಯವರ ಹತ್ತಿರ ಪೈಪು ತಂದು, ನೀರು ತುಂಬಿ, ಎರಡು ತುದಿಯಲ್ಲಿ ಇಬ್ಬರು ಹಿಡಿದು ನೋಡಿದೆವು. ನಿಜ, ಒಂದು ಕಡೆ ಬೆರಳಿನಷ್ಟು ಇಳಿದಿತ್ತು. ಮಳೆಯಲ್ಲೇ ಅಗೆಸಿ, ಕಲ್ಲು ಕೊಟ್ಟು ಎತ್ತಿಸಿದೆ. ಕೊಯ್ದೆವು. ಒಂದು ತುದಿ ದಪ್ಪ ಒಂದು ತುದಿ ತೆಳು ಬರುತ್ತಿದ್ದದ್ದು ನಿಂತಿತು. ಹಾವು ಮಾತ್ರ ಹೋಗಲಿಲ್ಲ.

ನನಗೆ ತಲೆ ಕೆಟ್ಟದ್ದು ಅಲ್ಲೇ. ಏನೂ ತಪ್ಪು ಸಿಗದೇ ಇದ್ದರೆ ಬೇರೆ ಮಾತು. ಒಂದು ತಪ್ಪು ಸಿಕ್ಕಿತು, ಸರಿ ಮಾಡಿದೆವು, ಆದರೂ ಸರಿಹೋಗಲಿಲ್ಲ ಅಂದರೆ ಏನು ಮಾಡುವುದು? ಮನೆಗೆ ಹೋಗಿ ಹೇಳಿದರೆ, "ನಾನೇಳ್ನಿಲ್ವಾ ಕಂಬಿ ಅಂತ? ನಾನೇಳಿದ್ದು ಸರಿಯಾಯ್ತಲ್ಲ!" ಅಂತ ಅವರಿಗೆ ಖುಷಿ.

"ಸರಿಯಾಯ್ತು. ಅಲ್ಗೆ ಸರಿಯಾಗ್ನಿಲ್ಲ" ಅಂದೆ.

"ಅಂಗಾರೆ ಬೇರಿಂಗು."

ಬೇರಿಂಗು ಬದಲಾಯಿಸಿದೆವು. ಆಗಲಿಲ್ಲ. ಆಮೇಲೆ ವೋಲ್ಟೇಜು ಅಂದರು. ಮೂರು ಫೇಸು ಸರಿಯಾಗಿ ಬರುವ ಹೊತ್ತು ಕಾದು ಕೊಯ್ದೆವು. ಆಗಲಿಲ್ಲ. ಆಮೇಲೆ ದಿಮ್ಮಿ ಹಸಿ ಅಂದರು. ಒಣಗಿದ ದಿಮ್ಮಿ ಕೊಟ್ಟರೂ ಅದೇ ಹಾವು. ದಿನಾ ಸಂಜೆ ಒಂದು ಹೊಸ ಕಾರಣ ಇಟ್ಟುಕೊಂಡು ಆ ಮನುಷ್ಯ ನನಗೆ ಕಾಯುತ್ತಿದ್ದರು, ಪ್ಲಾಸ್ಟರಿನೊಳಗೆ ತೆಂಗಿನ ಗರಿಯ ಕಡ್ಡಿ ತೂರಿಸಿ ಕೆರೆದುಕೊಳ್ಳುತ್ತ.

ಮಾದಪ್ಪನ ಕಾರಣ ಬೇರೆ ಇತ್ತು. ಅದನ್ನು ಅವನು ನನ್ನ ಮುಖ ನೋಡಿ ಹೇಳಲಿಲ್ಲ, ಟ್ರಾಲಿ ನೋಡಿ ಹೇಳಿದ. "ನಮ್ಮಪ್ಪನ್ ಕಾಲ್ದಿಂದ ಎಣ್ಮಕ್ಳು ಗರಗಸದ ಅತ್ರ ನಿಂತು ಮಾಡ್ಸಿದ್ದಿಲ್ಲ ಅತ್ಗೆ. ವಸ್ತುವಿಗೂ ಒಂದು ಮನ್ಸಿರ್ತದೆ."

"ಅದರ ಮನ್ಸು ನಿನ್ ಕಿವೀಲಿ ಏಳ್ತಾ?" ಅಂದೆ.

"ಒಂದ್ ಸಲ ಶಾಂತಿ ಮಾಡಿಸ್ತೀನಿ. ಆಮೇಲೂ ಇಂಗೇ ಆದ್ರೆ ನೀವೇ ಯೋಚ್ನೆ ಮಾಡಿ."

ದೀಪಾವಳಿ ಅಮಾವಾಸ್ಯೆಯ ದಿನ ಬೆಟ್ಟದಿಂದ ಬಂದವನೇ ಮತ್ತೆ ಬ್ಲೇಡು ಬಿಚ್ಚಿಸಿದ. ಮತ್ತೆ ವಿಭೂತಿ, ಮತ್ತೆ ಕುಂಕುಮ. ಶೆಡ್ಡಿನ ತೊಲೆಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ. ಹಬ್ಬ ಕಳೆದು ಕೊಯ್ದಾಗ ಹಲಗೆ ಮೊದಲಿಗಿಂತ ಕೆಟ್ಟದಾಗಿ ಬಂತು. ಹಾವಿನ ಬಳುಕು ಎರಡರಷ್ಟಾಗಿತ್ತು. ಮಾದಪ್ಪ ಆ ಹಲಗೆಯನ್ನು ಗೋಡೆಗೆ ಒರಗಿಸಿ, "ನೋಡಿದ್ರಾ?" ಅಂದ. ನಾನು ಆ ಹಲಗೆ ಎತ್ತಿ ಸೌದೆ ರಾಶಿಗೆ ಎಸೆದೆ.

ಮೈಸೂರಿನಿಂದ ಬ್ಲೇಡು ರಿಪೇರಿಯವನನ್ನು ಕರೆಸಿದೆ. ಕನ್ನಡಕ ಹಾಕಿಕೊಂಡು, ಬ್ಲೇಡನ್ನು ಕಬ್ಬಿಣದ ಅಡಿಗಲ್ಲಿನ ಮೇಲೆ ಇಟ್ಟುಕೊಂಡು ಚಿಕ್ಕ ಸುತ್ತಿಗೆಯಲ್ಲಿ ಒಂದು ಹೊತ್ತೆಲ್ಲ ಟಣ್ ಟಣ್ ಅಂತ ಬಡಿದ. ಪಟ್ಟಿ ಇಟ್ಟು ನೋಡಿದ. ಎದ್ದು ನಿಂತು ಸೊಂಟ ಹಿಡಿದುಕೊಂಡು, "ಬ್ಲೇಡು ಕನ್ನಡಿ ಥರ ಇದೆ ಅಮ್ಮ. ನಿಮ್ಮ ಶಾಫ್ಟ್ ಬೆಂಡಾಗಿದೆ" ಅಂದು ಬಸ್ಸಿಗೆ ಹೋದ.

ಶಾಫ್ಟು ಅಂದರೆ ಬ್ಲೇಡನ್ನು ಹೊತ್ತು ತಿರುಗುವ ಕಬ್ಬಿಣದ ಅಚ್ಚು. ಅದನ್ನು ಬಿಚ್ಚಿ, ಗೋಣಿಚೀಲದಲ್ಲಿ ಸುತ್ತಿ, ನಂಜುಂಡನೂ ನಾನೂ ಆಟೋದಲ್ಲಿ ನಂಜನಗೂಡಿನ ಲೇತಿಗೆ ಹೊತ್ತುಕೊಂಡು ಹೋದೆವು. ದಾರಿಯುದ್ದಕ್ಕೂ ಸ್ವಾತಿ ಮಳೆ. ಲೇತಿನವನು ತಿರುಗಿಸಿ, ಮುಳ್ಳಿನ ಗಡಿಯಾರದಂಥದ್ದು ಇಟ್ಟು ನೋಡಿದ. "ಇದ್ರಲ್ಲಿ ಕೂದ್ಲೆಳೆ ಬೆಂಡಿಲ್ಲ. ಯಾರೇಳಿದ್ದು? ಬ್ಲೇಡ್ನೋರ್ನ ಕೇಳಿ ಓಗಿ."

"ಬ್ಲೇಡ್ನೋನು ನಿನ್ ಕಡೆ ಕೈ ತೋರ್ಸ್ತಾನೆ, ನೀನ್ ಅವನ್ ಕಡೆ ತೋರ್ಸು. ನಾನು ನಡೂಮಧ್ಯ ಆಟೋಕೆ ದುಡ್ ಕೊಟ್ಕೊಂಡು ತಿರುಗ್ತೀನಿ" ಅಂದೆ.

ಅವನು ನಕ್ಕ. ನನಗೆ ನಗು ಬರಲಿಲ್ಲ. ವಾಪಸ್ ಬರುವಾಗ ಆಟೋದಲ್ಲಿ ಶಾಫ್ಟು ನನ್ನ ಕಾಲ ಮೇಲೆ. ಬ್ಲೇಡು ಬಿಡಿಯಾಗಿ ನೆಟ್ಟಗಿದೆ. ಶಾಫ್ಟು ಬಿಡಿಯಾಗಿ ನೆಟ್ಟಗಿದೆ. ಎರಡೂ ಸೇರಿದರೆ ಸೊಟ್ಟ. ನಮ್ಮ ಮನೆಯ ಅಣ್ಣತಮ್ಮಂದಿರ ಹಾಗೇ ಅಂದುಕೊಂಡೆ.

ಶೆಡ್ಡಿಗೆ ಬಂದು ಶಾಫ್ಟು ಕೂರಿಸಿದೆವು. ಬ್ಲೇಡು ತೂರಿಸಿದೆವು. ಬ್ಲೇಡನ್ನು ಎರಡು ಪಕ್ಕದಿಂದಲೂ ಒತ್ತಿ ಹಿಡಿಯಲು ತಟ್ಟೆಯಷ್ಟು ಅಗಲದ ಎರಡು ಕಬ್ಬಿಣದ ಬಿಲ್ಲೆ ಇರುತ್ತವೆ. ಒಂದು ಶಾಫ್ಟಿಗೇ ಅಂಟಿರುತ್ತದೆ. ಇನ್ನೊಂದು ಬಿಡಿ, ಬ್ಲೇಡು ಏರಿಸಿದ ಮೇಲೆ ಅದನ್ನು ಇಟ್ಟು ನಟ್ಟು ಬಿಗಿಯಬೇಕು. ಆ ಬಿಡಿ ಬಿಲ್ಲೆ ಇಷ್ಟು ದಿನವೂ ಮೈಸೂರಿನವನ ಕೈಗೂ ಹೋಗಿರಲಿಲ್ಲ, ಲೇತಿಗೂ ಹೋಗಿರಲಿಲ್ಲ. ಬ್ಲೇಡು ಬಿಚ್ಚಿದಾಗೆಲ್ಲ ಅದನ್ನು ದೇವರ ಫೋಟೋ ಇರುವ ಗೂಡಿನಲ್ಲಿ ಇಡುವುದು ನಮ್ಮಲ್ಲಿ ರೂಢಿ, ನೆಲಕ್ಕೆ ಇಡುವುದಿಲ್ಲ.

ನಂಜುಂಡ ಗೂಡಿನಿಂದ ಬಿಲ್ಲೆ ತೆಗೆದು ಕಣ್ಣಿಗೆ ಒತ್ತಿಕೊಂಡ. ಆಮೇಲೆ ಅದರ ಅಂಚನ್ನು ಎರಡು ಕೈಯ ಬೆರಳ ತುದಿಯಲ್ಲಿ ಮಾತ್ರ ಹಿಡಿದುಕೊಂಡು ನಿಧಾನಕ್ಕೆ ಬಂದ.

"ಯಾಕ್ಲಾ ಅಂಗ್ ಇಡ್ಕೊಂಡಿದ್ದೀಯೆ, ಕಾದ ರೊಟ್ಟಿ ಇಡ್ದಂಗೆ?"

"ಈಬೂತಿ ಅಳ್ಸೋಯ್ತದೆ ಕಣಕ್ಕ. ಮಾದಪ್ಪಣ್ಣ ಮುಟ್ಬ್ಯಾಡ ಅಂದವ್ರೆ."

"ಯಾವ್ ಈಬೂತಿ? ಮೇಲ್ ಕಡೇದಾ?"

"ಎರಡೂ ಕಡೇವು. ಒಳ್ಗಡೆ ಜಾಸ್ತಿ ಅದೆ."

ನಾನು ಅವನ ಕೈಯಿಂದ ಬಿಲ್ಲೆ ಕಿತ್ತುಕೊಂಡೆ. ತಿರುಗಿಸಿ ನೋಡಿದೆ. ಬ್ಲೇಡಿಗೆ ಒತ್ತಿಕೊಳ್ಳುವ ಒಳಮೈಯಲ್ಲಿ, ಒಂದು ಪಕ್ಕಕ್ಕೆ, ಮೂರು ಪಟ್ಟೆ. ಆಯುಧ ಪೂಜೆಯದರ ಮೇಲೆ ಅಮಾವಾಸ್ಯೆಯದು. ನೀರು, ಕುಂಕುಮ, ಎಣ್ಣೆ, ಮರದ ಹೊಟ್ಟು ಎಲ್ಲ ಸೇರಿ, ಬ್ಲೇಡಿನ ಕಾವಿಗೆ ಬೆಂದು, ಮುದ್ದೆ ಮಾಡಿದ ಪಾತ್ರೆಯ ತಳದ ಸೀಕಲಿನ ಹಾಗೆ ಗಟ್ಟಿಯಾಗಿ ಅಂಟಿತ್ತು. ಉಗುರಿನಲ್ಲಿ ಕೆರೆದರೆ ಉಗುರು ಮುರಿಯಿತು. ಬೀಸುವ ಕಲ್ಲಿನ ಗೂಟದ ಹತ್ತಿರ ಒಂದು ಹರಳು ಸಿಕ್ಕಿಕೊಂಡರೆ ಮೇಲಿನ ಕಲ್ಲು ಓಲಾಡುವುದಿಲ್ಲವೇ? ಅಷ್ಟೇ. ನಟ್ಟು ಬಿಗಿದಷ್ಟೂ ಅದು ಒಂದು ಪಕ್ಕ ಒತ್ತುತ್ತಿತ್ತು, ಬ್ಲೇಡು ಇನ್ನೊಂದು ಪಕ್ಕ ವಾಲುತ್ತಿತ್ತು.

ನನ್ನ ಬಾಯಿಂದ ಬಂದ ಮಾತನ್ನು ಇಲ್ಲಿ ಹೇಳುವುದಿಲ್ಲ. ನಂಜುಂಡ ಕಿವಿ ಮುಚ್ಚಿಕೊಂಡ.

ಮೊದಲು ಒಂದು ಪರೀಕ್ಷೆ ಮಾಡಿದೆ. ಬಿಲ್ಲೆಯನ್ನು ಹಾಗೇ ಹಾಕಿ ಬಿಗಿಸಿ, ಬ್ಲೇಡನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸಲು ಹೇಳಿ, ಅಂಚಿನ ಪಕ್ಕ ಸೀಮೆಸುಣ್ಣ ಹಿಡಿದೆ. ಅರ್ಧ ಸುತ್ತು ಗೀರು ಬಿತ್ತು, ಅರ್ಧ ಸುತ್ತು ಬೀಳಲಿಲ್ಲ. ಬಿಚ್ಚಿಸಿದೆ. ಒಂದು ಮುತ್ತುಗದ ಎಲೆ ಹಾಸಿಕೊಂಡು, ಹಳೇ ಚಾಕುವಿನಲ್ಲಿ ಕೆರೆಯಲು ಕೂತೆ. ಆಗಲೇ ಮಾದಪ್ಪನ ಬೈಕು ಬಂದು ನಿಂತಿತು.

"ಅತ್ಗೆ! ಏನ್ ಮಾಡ್ತಿದ್ದೀರಿ? ಪೂಜೆ ಮಾಡಿದ್ ಈಬೂತಿ ಕೆರೀತಿದ್ದೀರಲ್ಲ!"

"ಇದೇ ಕಣಪ್ಪ ಆವು. ಇಲ್ಲೇ ಮನಗಿತ್ತು."

ಅವನಿಗೆ ತೋರಿಸಿದೆ. ಸೀಮೆಸುಣ್ಣದ ಗೀರನ್ನೂ ತೋರಿಸಿದೆ. ಅವನು ಗೀರಿನ ಮೇಲೆ ಬೆರಳಾಡಿಸಿ ನೋಡಿದ. ಅವನ ಮುಖ ಸಣ್ಣದಾಯಿತು. "ನಾನ್ ಮಾಡಿದ್ ಪೂಜೆಯಿಂದ ಮಿಲ್ಲು ಕೆಟ್ತು ಅಂತೀರಾ?" ಅಂದ.

"ಪೂಜೆಯಿಂದ ಅಲ್ಲ. ಒರಸ್ದೆ ಇದ್ದದ್ರಿಂದ."

"ಶಿವನ್ ಎಸ್ರಲ್ಲಿ ಇಟ್ಟಿದ್ದ ಒರಸ್ತಾರಾ ಯಾರಾದ್ರೂವೆ?"

"ನಿನ್ ಅಣೇ ಮೇಲಿಂದು ನೀನು ದಿನಾ ತೊಳ್ದು ಒಸ್ದಾಗಿ ಇಡಲ್ವಾ? ಶಿವ ಮುನಿಸ್ಕೊಂಡ್ರೆ ನನ್ ಮೇಲೆ ಮುನಿಸ್ಕೊಳ್ಳಲಿ, ನಾನ್ ನೋಡ್ಕೋತೀನಿ. ಸರಿ ಈಗ, ಸೀಮೆಎಣ್ಣೆ ಬಟ್ಟೆ ಕೊಡು."

ಅವನು ಬಟ್ಟೆ ಕೊಡಲಿಲ್ಲ, ನಂಜುಂಡ ಕೊಟ್ಟ. ಆದರೆ ಕೆರೆದ ಪುಡಿ ಇದ್ದ ಎಲೆಯನ್ನು ಮಾದಪ್ಪ ತಾನೇ ಮಡಿಸಿ, ಯಾರ ಕಾಲಿಗೂ ಸಿಗದ ಹಾಗೆ ಕಣಗಿಲೆ ಗಿಡದ ಬುಡಕ್ಕೆ ಹಾಕಿ ಬಂದ.

ಬಿಲ್ಲೆಯನ್ನು ಕನ್ನಡಿಯಾಗುವ ತನಕ ಒರೆಸಿ, ಶಾಫ್ಟಿನ ಬಿಲ್ಲೆಯನ್ನೂ ಒರೆಸಿ, ಬಿಗಿಸಿದೆವು. ಸೀಮೆಸುಣ್ಣ ಸುತ್ತಲೂ ಒಂದೇ ಸಮ ಗೀರಿತು. ಮೋಟರ್ ಹಾಕಿದಾಗ ಒಂದು ತಿಂಗಳಿಂದ ಇದ್ದ ಉಯ್ಯ್ ಉಯ್ಯ್ ಅನ್ನುವ ಓಲಾಟದ ಸದ್ದು ಇರಲಿಲ್ಲ. ದಿಮ್ಮಿ ಕೊಟ್ಟೆವು. ಹಲಗೆ ಬಿತ್ತು. ನಂಜುಂಡ ಟೇಪು ಹಿಡಿಯುವ ಮೊದಲೇ ನಾನು ಹಲಗೆ ಮೂಸಿ ನೋಡಿದೆ. ಹಸಿ ಮಾವಿನ ವಾಸನೆ. ಸೀದಿರಲಿಲ್ಲ.

ಮನೆಗೆ ಹೋಗಿ ಯಜಮಾನರಿಗೆ ಹೇಳಿದೆ. ಅವರು ರಾಗಿ ಮುದ್ದೆ ಮುರಿಯುತ್ತಿದ್ದವರು ಕೈ ನಿಲ್ಲಿಸಿ, "ಅಯ್ಯೋ, ಅದ್ನ ಒರಸ್ನಿಲ್ವಾ ನೀವು?" ಅಂದರು.

"ಏನಂದ್ರಿ?"

"ನಾನು ವರ್ಷಾ ವರ್ಷಾ ವಿಜಯದಶಮಿ ದಿನ ಓಗಿ ಒರಸ್ಬುಟ್ ಬತ್ತಿದ್ನಲ್ಲ. ಮಾದನ್ ಮುಂದೆ ಒರಸಿದ್ರೆ ರಂಪ ಮಾಡ್ತಾನೆ ಅಂತ ಒಬ್ಬನೇ ಓಯ್ತಿದ್ದೆ."

ವರ್ಷಾ ವರ್ಷಾ ಹಬ್ಬದ ಊಟ ಮುಗಿಸಿ, ದಿಮ್ಮಿ ನೋಡ್ಕೊಂಡ್ ಬತ್ತೀನಿ ಅಂತ ಹೋಗುತ್ತಿದ್ದರು. ಬೀಡಿ ಸೇದಲು ಹೋಗುತ್ತಾರೆ ಅಂತ ನಾನು ತಿಳಿದಿದ್ದೆ. "ಕಂಬಿ ಅಂದ್ರಿ, ಬೇರಿಂಗು ಅಂದ್ರಿ, ವೋಲ್ಟೇಜ್ ಅಂದ್ರಿ. ಇದೊಂದ ಏಳಕೆ ಏನ್ ರೋಗ ಬಂದಿತ್ತು?"

"ನೀನು ಏನಾದ್ರೂ ಒರಸ್ಬೇಕಾ ಅಂತ ಕೇಳ್ನಿಲ್ವಲ್ಲ" ಅಂದರು.

ಅವರ ಇನ್ನೊಂದು ಕಾಲನ್ನು ನಾನು ಮುರಿಯಲಿಲ್ಲ. ಅದು ನನ್ನ ದೊಡ್ಡತನ.

ಎರಡನೇ ಲೋಡು ತುಂಬಿದ ದಿನ ಲಾರಿಯ ಮುಂದೆ ಡ್ರೈವರ್ ಪಕ್ಕ ನಾನೇ ಕೂತು ತಾಂಡ್ಯಕ್ಕೆ ಹೋದೆ. ಸ್ಟೋರಿನವನು ಅಲ್ಲೊಂದು ಇಲ್ಲೊಂದು ಹಲಗೆ ಎಳೆದು, ಅಡಿಯಿಂದಲೂ ಒಂದು ಎಳೆಸಿ, ಎರಡು ತುದಿ, ನಡುಮಧ್ಯ ಅಳೆದ. ಕಣ್ಣಿನ ನೇರಕ್ಕೆ ಎತ್ತಿ ನೋಡಿದ. ಅವನು ಹಲಗೆ ಕೆಳಗಿಟ್ಟು, "ಇಳ್ಸ್ರಪ್ಪ" ಅಂತ ಆಳುಗಳಿಗೆ ಕೂಗಿದ. ಆಮೇಲೆ ನನ್ನ ಕಡೆ ತಿರುಗಿ, "ಏನಾಗಿತ್ತಮ್ಮ ಅವತ್ತು?" ಅಂದ.

"ಮಿಷನ್ಗೆ ಭಕ್ತಿ ಜಾಸ್ತಿಯಾಗಿತ್ತು" ಅಂದೆ. ಅವನಿಗೆ ಅರ್ಥವಾಗಲಿಲ್ಲ. ಆಗಬೇಕಾಗಿಯೂ ಇರಲಿಲ್ಲ.

ಲಾರಿ ಖಾಲಿಯಾಗಿ ವಾಪಸ್ ಬಂದದ್ದನ್ನು ಮಾದಪ್ಪ ರಸ್ತೆಯಲ್ಲೇ ನೋಡಿದ. ಸಂಜೆ ಅಣ್ಣನ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂರಲಿಲ್ಲ, ಬಾಗಿಲಲ್ಲೇ ನಿಂತ. ಯಜಮಾನರು, "ಅಂಗಾರೆ ಇರ್ಲಿ ಬುಡು ಮಿಲ್ಲು" ಅಂದರು. ಮಾದಪ್ಪ ಆಯ್ತು ಅನ್ನುವಂತೆ ತಲೆ ಹಾಕಿದ. ಆಮೇಲೆ, "ಬರೋ ವರ್ಷ ಪೂಜೆ ನಾನ್ ಮಾಡದಾ, ಬ್ಯಾಡ್ವಾ?" ಅಂತ ಕೇಳಿದ. ಯಜಮಾನರನ್ನು ಕೇಳಲಿಲ್ಲ, ನನ್ನನ್ನು ಕೇಳಿದ.

ಮಾರನೇ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಶೆಡ್ಡಿಗೆ ಹೋದೆ. ಹಿಂದುಗಡೆ ಹೊಟ್ಟಿನ ಗುಡ್ಡೆಯಲ್ಲಿ ಮಾವನವರ ಕಾಲದ ಬಿರುಕು ಬಿಟ್ಟ ಬ್ಲೇಡು ಬಿದ್ದಿತ್ತು. ಅದನ್ನು ಉರುಳಿಸಿಕೊಂಡು ಬಂದು, ಹುಣಿಸೆಹಣ್ಣು ಹಾಕಿ ಉಜ್ಜಿ, ದೇವರ ಗೂಡಿನ ಪಕ್ಕದ ಗೋಡೆಗೆ ದೊಡ್ಡ ಮೊಳೆ ಹೊಡೆದು, ಆಗಷ್ಟೇ ಬಂದ ನಂಜುಂಡನ ಕೈ ಸೇರಿಸಿ ನೇತುಹಾಕಿದೆ. ಮಾದಪ್ಪ ಬಂದವನು ಬೈಕಿನ ಮೇಲೆ ಕೂತೇ ನೋಡುತ್ತಿದ್ದ.

"ಬರೋ ವರ್ಷ ಪೂಜೆ ಇದಕ್ಕೆ ಮಾಡು. ಇದು ತಿರುಗಲ್ಲ" ಅಂದೆ.

ನಾನೇ ಮೂರು ಬೆರಳಲ್ಲಿ ಅದಕ್ಕೆ ವಿಭೂತಿ ಎಳೆದೆ. ಆಮೇಲೆ ಸೀಮೆಎಣ್ಣೆ ಬಟ್ಟೆಯಲ್ಲಿ ಕೈ ಒರೆಸಿಕೊಂಡು, ಮೋಟರ್ ಹಾಕು ಅಂತ ನಂಜುಂಡನಿಗೆ ಕೂಗಿದೆ.